ಸೆಳೆಯುವುದೋ, ಸಲಹುವುದೋ? ‘ಎಡ್ಯುಕೇಟ್’ ಎಂಬ ಮಾತಿನ ವಿಚಾರ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಈ ಶಾಲೆಯಲ್ಲಿ ಓದಿದವಳೂ, ಅನಂತರ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಬೇರೆ ಬೇರೆ ಊರುಗಳಲ್ಲಿ ಉಪಾಧ್ಯಾಯಿನಿಯಾಗಿದ್ದವಳೂ ಆದ ನಾನು ವಿಷಯಕ್ಕಾಗಿ ಬಹಳ ಹುಡುಕಬೇಕಾಗಲಿಲ್ಲ. ವಾರ್ಷಿಕೋತ್ಸವದ ದಿನಗಳಲ್ಲಿ ನಮ್ಮ ಸಭಾಮಂದಿರದಲ್ಲಿ ಅನೇಕಾವರ್ತಿ ಕೇಳಿದ ಒಂದು ಮಾತು ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ನಿಂತಿದೆ. ಅದನ್ನು ಕುರಿತು ನಾಲ್ಕು ಮಾತುಗಳನ್ನು ನನ್ನ ಹಿರಿಯ ಕಿರಿಯ ಸೋದರಿಯರ ಮುಂದೆಯೂ, ಇಲ್ಲಿ ಓದುತ್ತಿರುವ ಮಕ್ಕಳ ತಾಯಿತಂದೆಗಳ ಮುಂದೆಯೂ ಇಡುವುದಕ್ಕೆ ಇದಕ್ಕಿಂತ ತಕ್ಕ ಸ್ಥಳವು ಬೇರೊಂದಿಲ್ಲವೆಂದು ತಿಳಿದಿದ್ದೇನೆ.

ಆ ಮಾತು ಯಾವುದೆಂದರೆ: “ಎಡ್ಯುಕೇಷನ್ ಎಂಬ ಶಬ್ದವು ಲ್ಯಾಟಿನ್ ಭಾಷೆಯಿಂದ ಬಂದಿದೆ, ಹೊರಗೆ ಸೆಳೆಯುವುದು ಎಂಬುದೇ ಅದರ ಮೂಲಾರ್ಥ, ಆದಕಾರಣ ಮಗುವಿನ ಒಳಗೆ ಅಡಗಿರುವ ಶಕ್ತಿಯನ್ನು ಹೊರಗೆ ಸೆಳೆಯುವುದೇ ನಿಜವಾದ ವಿದ್ಯಾಭ್ಯಾಸ.” ಬಹುಮಾನ ವಿತರಣೆಗೆ ದಯಮಾಡಿಸುವ ಅತಿಥಿಗಳು ಈ ಮಾತನ್ನು ಹೇಳದೆ ಕುಳಿತುಕೊಳ್ಳುವುದು ಅಪರೂಪ. ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಮುಂದೆ ನಾನೂ ಉಪಾಧ್ಯಾಯಿನಿಯಾದ ಮೇಲೆ ಇದೇ ಮಾತನ್ನು ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಳಿಸಿದೆನು. ಈ ಮಾತು ಅರ್ಧ ಮಾತ್ರ ಸತ್ಯವೆಂದೂ, ಆ ಅರ್ಧಸತ್ಯವನ್ನು ನಂಬಿ ನಡೆದುದರಿಂದ ನನ್ನ ಕೈಯಿಂದಲೇ ಒಂದು ಹೆಣ್ಣುಮಗುವಿಗೆ ಅನ್ಯಾಯವಾಯಿತೆಂದೂ ಇಂದು ಒಪ್ಪಿಕೊಳ್ಳಬೇಕಾಗಿದೆ.

ಮೊದಲು ಶಬ್ದದ ವಿಚಾರವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ರೂಪದಿಂದ ಬಹು ಸಮೀಪವಾದ ಎರಡು ಕ್ರಿಯಾಪದಗಳುಂಟು. ಒಂದು ‘ಏದೂಕೆರೆ’, ಇನ್ನೊಂದು ‘ಏದುಕಾರೆ’. ಮೊದಲನೆಯದಕ್ಕೆ ಹೊರಗೆ ಕರೆದುತರುವುದು, ಸೆಳೆಯುವುದು ಎಂದರ್ಥ. ಎರಡನೆಯದಕ್ಕೆ ಸಾಕುವುದು, ಸಲಹುವುದು, ಉಣಿಸಿ ಬೆಳೆಸುವುದು ಎಂದರ್ಥ. ‘ನಾನು ಸೆಳೆಯುತ್ತೇನೆ’ ಎಂಬುದನ್ನೂ ‘ನಾನು ಸಲಹುತ್ತೇನೆ’ ಎಂಬುದನ್ನೂ ರೋಮನ್ ಲಿಪಿಯಲ್ಲಿ ಬರೆದರೆ ಅಕ್ಷರಕ್ಕೆ ಅಕ್ಷರ ಒಂದೇ ಆಗಿ ಕಾಣುವುದು. ಉಚ್ಚಾರಣೆಯಲ್ಲಿ ಮಾತ್ರ ಒಂದರ ಉಕಾರವು ದೀರ್ಘ, ಇನ್ನೊಂದರದು ಹ್ರಸ್ವ. ನಮ್ಮ ಲಿಪಿಯಲ್ಲಾದರೋ ‘ಏದೂಕೋ’, ‘ಏದುಕೋ’ ಎಂದು ಬರೆದರೆ ಸಾಕು. ಒಂದಕ್ಕೆ ಬರಿಯ ಕೊಂಬು, ಇನ್ನೊಂದಕ್ಕೆ ಕೊಂಬಿನ ಇಳಿ. ಭೇದವು ಒಂದನೆಯ ತರಗತಿಯ ಮಗುವಿನ ಕಣ್ಣಿಗೂ ಬೀಳುತ್ತದೆ. ಲಿಪಿಯು ಮರೆಮಾಡಿದ ಈ ಚಿಕ್ಕ ಭೇದದಲ್ಲಿಯೇ ನಮ್ಮ ಅತಿಥಿಗಳು ಎಡವಿದ್ದಾರೆ.

ಇಂಗ್ಲಿಷಿನವರು ಲ್ಯಾಟಿನ್ ಕ್ರಿಯಾಪದಗಳನ್ನು ತೆಗೆದುಕೊಳ್ಳುವಾಗ ಅನೇಕ ವೇಳೆ ಅವುಗಳ ಭೂತಕೃದಂತ ರೂಪವನ್ನೇ ತೆಗೆದುಕೊಂಡರು. ಸಲಹುವ ಕ್ರಿಯಾಪದದ ಭೂತಕೃದಂತವು ‘ಏದುಕಾತುಸ್’, ಎಂದರೆ ಸಲಹಲ್ಪಟ್ಟವನು. ಸೆಳೆಯುವ ಕ್ರಿಯಾಪದದ್ದು ‘ಏದುಕ್ತುಸ್’. ಇವೆರಡರಲ್ಲಿ ‘ಎಡ್ಯುಕೇಟ್’ ಎಂಬ ಮಾತು ಯಾವುದರ ಮಗಳೆಂಬುದು ಮುಖ ನೋಡಿದೊಡನೆಯೇ ತಿಳಿಯುತ್ತದೆ. ಸೆಳೆಯುವ ಕ್ರಿಯಾಪದದಿಂದಲೂ ಇಂಗ್ಲಿಷಿನಲ್ಲಿ ಒಂದು ಮಾತು ಹುಟ್ಟಿದೆ. ಅದು ‘ಎಡ್ಯೂಸ್’. ಇರುವ ಸಂಗತಿಗಳಿಂದ ಒಂದು ತತ್ತ್ವವನ್ನು ಹೊರಪಡಿಸುವುದೆಂಬ ಅರ್ಥದಲ್ಲಿ ಪಂಡಿತರು ಎಲ್ಲಿಯೋ ಒಮ್ಮೆ ಅದನ್ನು ಬಳಸುತ್ತಾರೆ. ಶಾಲೆಯ ಬಾಗಿಲಿಗೆ ಅದು ಬಂದದ್ದೇ ಇಲ್ಲ. 15ನೆಯ ಶತಮಾನದಲ್ಲಿ ‘ಎಡ್ಯುಕೇಟ್’ ಎಂಬುದು ಇಂಗ್ಲಿಷಿಗೆ ಬಂದಾಗ ಮಕ್ಕಳನ್ನು ಸಾಕಿ ದೊಡ್ಡವರನ್ನಾಗಿ ಮಾಡುವುದೆಂಬ ಅರ್ಥವನ್ನೇ ಹೊತ್ತು ಬಂದಿತು. ಪಾಠ ಹೇಳುವುದು, ಪರೀಕ್ಷೆಗೆ ಸಿದ್ಧಗೊಳಿಸುವುದು ಎಂಬ ಅರ್ಥಗಳು ತರುವಾಯ ಬೆಳೆದವು.

ಎರಡು ಕ್ರಿಯಾಪದಗಳೂ ತೀರ ಪರಕೀಯವಲ್ಲವೆಂಬುದನ್ನೂ ಹೇಳಬೇಕು. ಎರಡರ ಬೇರಿನಲ್ಲಿಯೂ ‘ದುಕ್’ ಎಂಬ ಒಂದೇ ಧಾತುವಿದೆ. ಅದಕ್ಕೆ ಮುಂದಾಗಿ ನಡೆಸುವುದು ಎಂದರ್ಥ. ದಂಡನ್ನು ನಡೆಸುವವನಾದುದರಿಂದ ‘ಡ್ಯೂಕ್’. ನೀರನ್ನು ನಡೆಸುವ ಕಾಲುವೆಯಾದುದರಿಂದ ‘ಅಕ್ವಿಡಕ್ಟ್’. ಒಬ್ಬರನ್ನು ಇನ್ನೊಬ್ಬರ ಬಳಿಗೆ ಒಳಕ್ಕೆ ಕರೆದೊಯ್ಯುವುದಾದುದರಿಂದ ‘ಇಂಟ್ರೊಡ್ಯೂಸ್’. ಹೀಗೆ ಸೆಳೆಯುವ ಮಾತೂ ಸಲಹುವ ಮಾತೂ ಒಂದೇ ವಂಶದವು. ಆದರೆ ಒಂದೇ ವಂಶದ ಇಬ್ಬರು ಅಕ್ಕತಂಗಿಯರು ಬೇರೆ ಬೇರೆ ಮನೆಗಳಿಗೆ ಸೇರಿ ಬೇರೆ ಬೇರೆ ಕೆಲಸಗಳನ್ನು ಮಾಡುವಂತೆ ಇವೂ ಮಾಡಿದವು.

ಆ ಕೆಲಸಗಳು ಯಾವುವೆಂಬುದನ್ನು ರೋಮಿನ ಮಹಾವಿದ್ವಾಂಸನಾದ ವರೋ ಎಂಬಾತನು ಸ್ಪಷ್ಟವಾಗಿ ವಿಂಗಡಿಸಿದ್ದಾನೆ. ಈತನು ಕ್ರಿಸ್ತಪೂರ್ವ 116ರಿಂದ 27ರ ವರೆಗೆ ಜೀವಿಸಿದ್ದವನು. ಒಂದು ಮಗುವಿಗೆ ಸಂಬಂಧಪಟ್ಟ ನಾಲ್ವರಿಗೆ ನಾಲ್ಕು ಕ್ರಿಯಾಪದಗಳನ್ನು ಅವನು ಹಂಚಿಕೊಟ್ಟನು. ಹೊರಗೆ ಸೆಳೆಯುವ ‘ಏದೂಕೆರೆ’ಯನ್ನು ಸೂಲಗಿತ್ತಿಗೆ ಕೊಟ್ಟನು. ಸಲಹುವ ‘ಏದುಕಾರೆ’ಯನ್ನು ಹಾಲೂಡುವ ದಾದಿಗೆ ಕೊಟ್ಟನು. ನಡೆನುಡಿಗಳನ್ನು ತಿದ್ದುವುದನ್ನು, ಮಗುವನ್ನು ಕೈಹಿಡಿದು ಪಾಠಶಾಲೆಗೆ ಕರೆದೊಯ್ಯುತ್ತಿದ್ದ ಸೇವಕನಿಗೆ ಕೊಟ್ಟನು. ಪಾಠ ಹೇಳುವುದೆಂಬ ನಾಲ್ಕನೆಯ ಕ್ರಿಯಾಪದ ಮಾತ್ರ ಗುರುವಿನ ಪಾಲಿಗೆ ಬಂದಿತು. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇಂದು ಜಗತ್ತಿನ ವಿಶ್ವವಿದ್ಯಾನಿಲಯಗಳೂ, ಸರ್ಕಾರಗಳ ಇಲಾಖೆಗಳೂ, ಮಂತ್ರಿಗಳೂ ತಮ್ಮ ಹೆಸರಿನೊಡನೆ ಧರಿಸಿಕೊಂಡಿರುವ ಈ ಘನವಾದ ಶಬ್ದವು ಮೊದಲಿಗೆ ಗುರುವಿನದಾಗಿರಲಿಲ್ಲ. ಅಕ್ಷರವನ್ನರಿಯದ ಒಬ್ಬ ದಾದಿಯದಾಗಿತ್ತು.

ಇತಿಹಾಸಕಾರನಾದ ಲಿವಿಯು ರೋಮ್ ನಗರದ ಸ್ಥಾಪಕರ ಕಥೆಯನ್ನು ಹೇಳುವಾಗಲೂ ಇದೇ ಮಾತು ಬರುತ್ತದೆ. ನದಿಯ ದಡದಲ್ಲಿ ಸಿಕ್ಕಿದ ಅವಳಿ ಮಕ್ಕಳನ್ನು ದನಕಾಯುವವನೊಬ್ಬನು ತನ್ನ ಗುಡಿಸಲಿಗೆ ತಂದು, ಸಲಹೆಂದು ಹೆಂಡತಿಯಾದ ಲಾರೆಂತಿಯಳ ಕೈಗೆ ಕೊಟ್ಟನೆಂಬಲ್ಲಿ ಲಿವಿಯು ಪ್ರಯೋಗಿಸಿರುವುದು ‘ಏದುಕಾರೆ’ಯನ್ನೇ. ಆ ಗೋವಳಗಿತ್ತಿಯು ಅವರಿಗೆ ಓಲೆ ಓದಿಸಲಿಲ್ಲ. ಹಾಲನ್ನೂ ಅನ್ನವನ್ನೂ ಕಾವಲನ್ನೂ ಕೊಟ್ಟಳು. ಇನ್ನು ಕತುಲ್ಲುಸ್ ಎಂಬ ಕವಿಯು ಒಂದು ಮದುವೆಯ ಹಾಡಿನಲ್ಲಿ, ಬೇಲಿ ಕಟ್ಟಿದ ತೋಟದ ಹೂವನ್ನು ಮಳೆಯು ಬೆಳೆಸುವುದನ್ನು ಹೇಳುವುದಕ್ಕೂ ಇದೇ ಕ್ರಿಯಾಪದವನ್ನು ಬಳಸಿದ್ದಾನೆ. ಮಳೆಯು ಹೂವನ್ನು ಸೆಳೆಯುವುದಿಲ್ಲವಷ್ಟೆ. ಅದು ಬೇರಿಗೆ ಇಳಿಯುತ್ತದೆ. ಹೂವು ತನ್ನ ಹೊತ್ತಿಗೆ ತಾನೇ ಅರಳುತ್ತದೆ.

ಫ್ರೆಂಚ್ ಭಾಷೆಯಲ್ಲಿ ಈ ಹಳೆಯ ಅರ್ಥವು ಬಹುಕಾಲ ಉಳಿಯಿತು. 18ನೆಯ ಶತಮಾನದ ಫ್ರೆಂಚ್ ಗ್ರಂಥಗಳ ಶೀರ್ಷಿಕೆಗಳಲ್ಲಿಯೇ ‘ರೇಷ್ಮೆ ಹುಳುಗಳ ಎಡ್ಯುಕೇಷನ್’ ಎಂಬ ಮಾತು ಕಾಣಬರುತ್ತದೆ. ಇದನ್ನು ಓದಿ ನಗುವವರೂ ಉಂಟು. ಹುಳುಗಳಿಗೆ ಕಾಗುಣಿತ ಹೇಳಿಕೊಡುತ್ತಿದ್ದರೇ ಎಂದು ಕೇಳಿಯಾರು. ನಮ್ಮ ನಾಡಿನಲ್ಲಿ ‘ರೇಷ್ಮೆ ಹುಳು ಸಾಕಣೆ’ ಎಂದು ಹೇಳುತ್ತೇವಲ್ಲವೆ? ಫ್ರೆಂಚರು ಹೇಳಿದುದೂ ಅದನ್ನೇ. ಈ ರೇಷ್ಮೆ ಹುಳುವಿನಿಂದಲೇ ನನ್ನ ತಪ್ಪಿನ ಕಥೆಯೂ ಆರಂಭವಾಗುತ್ತದೆ.

1984ರಲ್ಲಿ ನಾನು ರಾಮನಗರದ ಕಡೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದೆನು. ವಯಸ್ಸು ಚಿಕ್ಕದು, ಬಿ.ಎಡ್. ಪದವಿಯ ಬಿಸಿ ಇನ್ನೂ ಆರಿರಲಿಲ್ಲ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದಳು. ಏನು ಕೇಳಿದರೂ ಎದ್ದು ನಿಂತು ನೆಲವನ್ನು ನೋಡುವಳು, ಉತ್ತರವಿಲ್ಲ. ಹಲಗೆಯ ಮೇಲೆ ಬರೆದುದನ್ನು ನಕಲು ಮಾಡಿದರೆ ಸಾಲಿಗೊಂದು ತಪ್ಪು. ಅರ್ಧ ವಾರ್ಷಿಕ ಪರೀಕ್ಷೆಯಾದ ಮೇಲೆ ಅವಳ ತಾಯಿಯನ್ನು ಕರೆಯಿಸಿದೆನು. ಆಕೆ ಹೊಲದ ಕೆಲಸದಿಂದ ನೇರವಾಗಿ ಬಂದಿದ್ದಳು. ಕೈಗೆ ಹಿಪ್ಪುನೇರಳೆ ಸೊಪ್ಪಿನ ಕಲೆ ಹತ್ತಿತ್ತು. ನಾನು ಸಭೆಗಳಲ್ಲಿ ಹೇಳುತ್ತಿದ್ದ ಅದೇ ಧೋರಣೆಯಲ್ಲಿ, “ನೋಡಮ್ಮ, ಒಳಗೆ ಇರುವುದನ್ನು ಹೊರಗೆ ತೆಗೆಯುವುದು ನಮ್ಮ ಕೆಲಸ. ನಿಮ್ಮ ಮಗಳ ಒಳಗೆ ಏನಾದರೂ ಇದ್ದರಲ್ಲವೆ ನಾವು ತೆಗೆಯುವುದು?” ಎಂದೆನು.

ಆಕೆ ಕೋಪಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮಾವ್ರೇ, ಹುಳ ಜ್ವರಕ್ಕೆ ಕುಂತಾಗ ಸೊಪ್ಪು ತಿನ್ನಾಕಿಲ್ಲ. ತಲೆ ಎತ್ಕೊಂಡು ಸುಮ್ಕೆ ಕುಂತಿರ್ತದೆ. ಹಂಗಂತ ತಿಪ್ಪೆಗೆ ಎಸೀತೀವಾ?” ಎಂದಳು.

ಪಟ್ಟಣಗಳಲ್ಲಿ ಬೆಳೆದ ವಾಚಕಿಯರಿಗಾಗಿ ಈ ಮಾತನ್ನು ಬಿಡಿಸಬೇಕು. ರೇಷ್ಮೆ ಹುಳುವು ಮೊಟ್ಟೆಯೊಡೆದು ಬಂದ ಮೇಲೆ ಗೂಡು ಕಟ್ಟುವುದಕ್ಕೆ ಸುಮಾರು 25 ದಿನಗಳು ಬೇಕು. ಈ ಅವಧಿಯಲ್ಲಿ ಅದು 4 ಬಾರಿ ಪೊರೆ ಬಿಡುತ್ತದೆ. ಪೊರೆ ಬಿಡುವ ಮುನ್ನ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಕದಲದೆ ಕೂತುಬಿಡುತ್ತದೆ. ಇದನ್ನೇ ನಮ್ಮ ರೈತರು ಜ್ವರವೆನ್ನುತ್ತಾರೆ. ರೋಗವೇನೂ ಅಲ್ಲ, ಹಳೆಯ ಚರ್ಮವು ಒಳಗಿನ ಬೆಳವಣಿಗೆಗೆ ಸಾಲದೆ ಹೋಗಿದೆಯೆಂಬುದರ ಗುರುತು. ಆಗ ಸೊಪ್ಪು ಹಾಕಬಾರದು, ಕದಲಿಸಬಾರದು, ಕಾಯಬೇಕು. ಬಲ್ಲವರು ಕಾಯುತ್ತಾರೆ.

ನಾನು ಬಲ್ಲವಳಾಗಿರಲಿಲ್ಲ. ಹುಳುವಿನ ಮಾತನ್ನು ಪಾಠಶಾಲೆಗೆ ತಂದಳೆಂದು ಮನಸ್ಸಿನಲ್ಲಿಯೇ ನಕ್ಕೆನು. ಆದರೆ ನಾನು ಆಡಿದ ಮಾತು ಅಲ್ಲಿಗೇ ನಿಲ್ಲಲಿಲ್ಲ. ಅದು ಹುಡುಗಿಯ ತಂದೆಯ ಕಿವಿಗೆ ಬಿತ್ತು. ಮಗಳನ್ನು ಓದಿಸುವುದು ದಂಡವೆಂದು ಮೊದಲೇ ಹೇಳುತ್ತಿದ್ದ ಆತನಿಗೆ ಉಪಾಧ್ಯಾಯಿನಿಯ ತೀರ್ಪೇ ಸಿಕ್ಕಿತು. ವರ್ಷದ ಕೊನೆಯಲ್ಲಿ ಅವಳನ್ನು ಶಾಲೆ ಬಿಡಿಸಿದರು. ಆರೇಳು ವರ್ಷಗಳಾದ ಮೇಲೆ ಒಂದು ಜಾತ್ರೆಯಲ್ಲಿ ಅವಳು ತಾನಾಗಿ ಬಂದು ನಮಸ್ಕರಿಸಿದಳು. ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಯಾವಾಗ ಹಾಕಿಕೊಂಡೆಯೆಂದು ಕೇಳಿದೆನು. “ಮದುವೆಯಾದ ಮೇಲೆ, ಟೀಚರ್. ಸ್ಕೂಲಲ್ಲಿ ಬೋರ್ಡು ಕಾಣ್ತಿರ್ಲಿಲ್ಲ. ಹೇಳೋಕೆ ಭಯ ಆಗ್ತಿತ್ತು,” ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಶಬ್ದದ ಹುಟ್ಟಿನಿಂದ ನಮ್ಮ ಧರ್ಮವು ನಿರ್ಣಯವಾಗುವುದಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಅದು ನ್ಯಾಯವಾದ ಆಕ್ಷೇಪಣೆಯೇ. ‘ಸ್ಕೂಲ್’ ಎಂಬ ಮಾತಿಗೆ ಗ್ರೀಕ್ ಭಾಷೆಯಲ್ಲಿ ಬಿಡುವು ಎಂಬರ್ಥವಿತ್ತೆಂದು ಹೇಳಿ ನಾವು ಮಕ್ಕಳಿಗೆ ದಿನವೂ ರಜೆ ಕೊಡುವುದಿಲ್ಲ. ಆದರೆ ಶಬ್ದದ ಹೆಸರಿನಲ್ಲಿಯೇ ಒಂದು ಸಿದ್ಧಾಂತವನ್ನು ಕಟ್ಟಿ, ಅದನ್ನು ಮಕ್ಕಳ ಮೇಲೆ ಪ್ರಯೋಗಿಸುತ್ತಿರುವಾಗ ಆ ಶಬ್ದವು ನಿಜವಾಗಿ ಏನು ಹೇಳುತ್ತದೆಂದು ವಿಚಾರಿಸುವುದು ಅವಶ್ಯಕ. ವಿದ್ಯಾಭ್ಯಾಸವೆಂದರೆ ಸೆಳೆಯುವುದೆಂದು ನಂಬಿದ ಉಪಾಧ್ಯಾಯಿನಿಯು, ಏನೂ ಹೊರಬಾರದಿದ್ದಾಗ, ಒಳಗೆ ಏನೂ ಇಲ್ಲವೆಂದು ತೀರ್ಮಾನಿಸುತ್ತಾಳೆ, ತಪ್ಪು ಮಗುವಿನದಾಗುತ್ತದೆ. ವಿದ್ಯಾಭ್ಯಾಸವೆಂದರೆ ಸಲಹುವುದೆಂದು ನಂಬಿದವಳಾದರೆ, ಮಗುವು ಬೆಳೆಯದಿದ್ದಾಗ, ತಾನು ಕೊಟ್ಟ ಆಹಾರವೇನು, ಮಗುವಿಗೆ ಅದು ಮುಟ್ಟಿತೇ, ಮಗುವು ಕೂತಿರುವ ನೆಲವೆಂಥದು ಎಂದು ಕೇಳಿಕೊಳ್ಳುತ್ತಾಳೆ. ಸೊರಗಿದ ಸಸಿಯನ್ನು ಕಂಡು ತೋಟಗಿತ್ತಿಯು ಸಸಿಯನ್ನು ಬಯ್ಯುವುದಿಲ್ಲ. ಮಣ್ಣನ್ನು ಕೆದಕಿ ನೋಡುತ್ತಾಳೆ. ನಾನು ಆ ಹುಡುಗಿಯ ಬಳಿಗೆ ಹೋಗಿ ಹಲಗೆ ಕಾಣುತ್ತದೆಯೇ ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು.

ಸೆಳೆಯುವುದರಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಗ್ರೀಕ್ ಜ್ಞಾನಿಯಾದ ಸಾಕ್ರೆಟೀಸನ ತಾಯಿಯು ಸೂಲಗಿತ್ತಿಯಾಗಿದ್ದಳು. ತಾನೂ ತಾಯಿಯ ಕಸುಬನ್ನೇ ಮಾಡುವವನೆಂದೂ, ತರುಣರ ಮನಸ್ಸಿನಲ್ಲಿ ಮೂಡಿರುವ ವಿಚಾರಕ್ಕೆ ಹೆರಿಗೆ ಮಾಡಿಸುವವನೆಂದೂ ಅವನು ಹೇಳಿಕೊಂಡುದಾಗಿ ಪ್ಲೇಟೋ ಬರೆದಿದ್ದಾನೆ. ಇದು ದೊಡ್ಡ ಮಾತು. ಆದರೆ ಸೂಲಗಿತ್ತಿಯ ಕೆಲಸವು ಕೆಲವು ಗಳಿಗೆಗಳದು. ಅವಳು ಬರುವುದಕ್ಕೆ ಮುಂಚೆ ಒಂಬತ್ತು ತಿಂಗಳು ತಾಯಿಯು ತನ್ನ ರಕ್ತದಿಂದ ಸಲಹಿರಬೇಕು. ಅವಳು ಹೋದ ಮೇಲೆ ದಾದಿಯು ವರುಷಗಟ್ಟಲೆ ಸಲಹಬೇಕು. ಹಾಗೆಯೇ ಸಲಹುವುದೆಂದರೆ ತುರುಕುವುದೆಂದೂ ಯಾರೂ ತಿಳಿಯಬಾರದು. ಮೊದಲನೆಯ ಶತಮಾನದಲ್ಲಿ ರೋಮಿನಲ್ಲಿ ಉಪಾಧ್ಯಾಯನಾಗಿದ್ದ ಕ್ವಿಂಟಿಲಿಯನ್ ಎಂಬಾತನು ಮಕ್ಕಳ ಮನಸ್ಸನ್ನು ಕಿರುಬಾಯಿಯ ಪಾತ್ರೆಗೆ ಹೋಲಿಸಿ, ಒಮ್ಮೆಗೇ ಸುರಿದರೆ ಹೊರಗೆ ಚೆಲ್ಲುವುದೆಂದು ಎಚ್ಚರಿಸಿದ್ದನು. ಹುಳು ಸಾಕುವವರಿಗೂ ಇದು ಗೊತ್ತು. ಚಾಕಿ ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಬಲಿತ ಎಲೆಯನ್ನು ಬಲಿತ ಹುಳುವಿಗೇ ಇಡುತ್ತಾರೆ. ಒದ್ದೆಯ ಸೊಪ್ಪನ್ನು ಕೊಡುವುದಿಲ್ಲ. ಪರೀಕ್ಷೆಯ ತಿಂಗಳಿನಲ್ಲಿ ರಾತ್ರಿ ಹನ್ನೆರಡರ ವರೆಗೆ ಮಕ್ಕಳಿಗೆ ತುರುಕುವ ತಾಯಿತಂದೆಗಳು ಈ ವಿವೇಕವನ್ನು ಗಮನಿಸಬೇಕಾಗಿದೆ.

ಇನ್ನೊಂದು ಮಾತನ್ನೂ ಹೇಳದಿರಲಾರೆ. ರೇಷ್ಮೆಯ ಎಳೆಯನ್ನು ಸೆಳೆಯುವುದೇನೋ ನಿಜ. ಆದರೆ ಸೆಳೆಯುವುದಕ್ಕೆ ಮುಂಚೆ ಗೂಡನ್ನು ಬಿಸಿಗೆ ಒಡ್ಡಿ, ಒಳಗಿನ ಜೀವವನ್ನು ಕೊಂದು, ಕುದಿಯುವ ನೀರಿನಲ್ಲಿ ಹಾಕುತ್ತಾರೆ. ಎಳೆಯು ಮಾತ್ರ ಬೇಕಾದವರಿಗೆ ಜೀವವು ಬೇಕಾಗಿಲ್ಲ. ಮಗಳ ಅಂಕಗಳು ಮಾತ್ರ ಬೇಕಾದ ಮನೆಗಳಲ್ಲಿ ಮಗಳ ಸ್ಥಿತಿ ಏನಾಗುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಭಾಷೆಯ ಮಾತುಗಳೂ ಈ ವಿಷಯದಲ್ಲಿ ಮೌನವಾಗಿಲ್ಲ. ಸಂಸ್ಕೃತದ ‘ನೀ’ ಧಾತುವಿಗೂ ಲ್ಯಾಟಿನಿನ ‘ದುಕ್’ ಧಾತುವಿನಂತೆ ನಡೆಸುವುದೆಂದೇ ಅರ್ಥ. ಅದರಿಂದ ನಾಯಕನೆಂಬ ಮಾತು ಬಂದಿತು. ಗುರುವಿನ ಸಮೀಪಕ್ಕೆ ಕರೆದೊಯ್ಯುವ ಉಪನಯನವೂ, ತಿದ್ದಿ ನಡೆಸಿದುದರ ಫಲವಾದ ವಿನಯವೂ ಅದರಿಂದಲೇ ಬಂದವು. ‘ಶಿಕ್ಷಣ’ವೆಂಬ ಮಾತಿನ ‘ಶಿಕ್ಷ್’ ಎಂಬುದನ್ನು ಭಾಷಾಶಾಸ್ತ್ರಜ್ಞರು ‘ಶಕ್’ ಧಾತುವಿನ ಇಚ್ಛಾರ್ಥಕ ರೂಪವೆನ್ನುತ್ತಾರೆ; ಎಂದರೆ ಶಕ್ತಳಾಗಬೇಕೆಂದು ಬಯಸುವುದು. ಅದೇ ಮಾತು ಕನ್ನಡದಲ್ಲಿ ‘ಶಿಕ್ಷೆ’ಯಾಗಿ ದಂಡನೆಯ ಅರ್ಥವನ್ನು ತಾಳಿದುದು ನಮ್ಮ ಹಳೆಯ ಬೆತ್ತಗಳ ಮಹಿಮೆಯಿರಬಹುದು. ಆದರೆ ಅಚ್ಚಕನ್ನಡದ ‘ಕಲಿಸು’ ಎಂಬುದನ್ನು ನೋಡಿರಿ. ಅದು ‘ಕಲಿ’ ಎಂಬುದರ ಪ್ರೇರಣಾರ್ಥಕ. ಕಲಿಯುವವಳು ಮಗುವೇ, ಕಲಿಸುವವರು ಕಲಿಯುವಂತೆ ಮಾಡುವವರು ಮಾತ್ರ. ಉಣ್ಣುವವಳು ಮಗು, ಉಣಿಸುವವಳು ತಾಯಿ. ಕಲಿಸುವುದೂ ಉಣಿಸುವುದೂ ಕನ್ನಡದಲ್ಲಿ ಒಂದೇ ಅಚ್ಚಿನಿಂದ ಬಂದ ಮಾತುಗಳು. 2002ರಲ್ಲಿ ಕರ್ನಾಟಕ ಸರ್ಕಾರವು ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟದ ಯೋಜನೆಯನ್ನು ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಅಕ್ಷರವನ್ನೂ ಅನ್ನವನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದವರು ವರೋನನ್ನು ಓದಿರಬೇಕಾದುದಿಲ್ಲ. ಹಸಿದ ಮಗುವನ್ನು ನೋಡಿದ್ದರೆ ಸಾಕು.

ಕ್ರೈಸ್ತ ಶಾಲೆಯಲ್ಲಿ ಬೆಳೆದ ನಮಗೆ ಈ ಶಬ್ದದ ಇನ್ನೊಂದು ಸಂಗತಿಯು ವಿಶೇಷವಾಗಿ ಮನಸ್ಸಿಗೆ ನಾಟಬೇಕು. ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದ 4ನೆಯ ವಚನದಲ್ಲಿ ಮಕ್ಕಳನ್ನು ಬೆಳೆಸುವ ವಿಷಯವಾಗಿ ಒಂದು ಆಜ್ಞೆಯುಂಟು. ವಲ್ಗಾತ ಎಂಬ ಪ್ರಾಚೀನ ಲ್ಯಾಟಿನ್ ಬೈಬಲಿನಲ್ಲಿ ಆ ಆಜ್ಞೆಯ ಕ್ರಿಯಾಪದವು ‘ಏದುಕಾತೆ’ ಎಂದಿದೆ. ಅದನ್ನು ರೋಮನ್ ಅಕ್ಷರಗಳಲ್ಲಿ ಬರೆದರೆ ನಮ್ಮ ‘ಎಡ್ಯುಕೇಟ್’ ಎಂಬ ಇಂಗ್ಲಿಷ್ ಮಾತೇ, ಒಂದು ಅಕ್ಷರವೂ ಹೆಚ್ಚುಕಡಿಮೆಯಿಲ್ಲದೆ, ಕಣ್ಣಿಗೆ ಬೀಳುತ್ತದೆ. ಮೂಲ ಗ್ರೀಕಿನಲ್ಲಿರುವ ಕ್ರಿಯಾಪದಕ್ಕೂ ಪೋಷಿಸುವುದೆಂದೇ ಅರ್ಥ; ಅದಕ್ಕೆ ಹಿಂದಿನ ಅಧ್ಯಾಯದಲ್ಲಿ, ಮನುಷ್ಯನು ತನ್ನ ಶರೀರವನ್ನು ಪೋಷಿಸಿಕೊಳ್ಳುವುದಕ್ಕೂ ಅದೇ ಮಾತನ್ನು ಪ್ರಯೋಗಿಸಿದೆ. ಆ ಆಜ್ಞೆಯನ್ನು ಯಾರಿಗೆ ಕೊಟ್ಟಿದೆ? ಉಪಾಧ್ಯಾಯರಿಗಲ್ಲ, ತಂದೆಗಳಿಗೆ. ಅದರ ಪೂರ್ವಾರ್ಧವು ಮಕ್ಕಳನ್ನು ಕೆರಳಿಸಬಾರದೆಂಬ ನಿಷೇಧ. ನಮ್ಮ ದೇಶದ ಸಂವಿಧಾನಕ್ಕೆ 2002ರಲ್ಲಿ ಮಾಡಿದ 86ನೆಯ ತಿದ್ದುಪಡಿಯೂ ಇದೇ ದಾರಿಯಲ್ಲಿ ನಡೆದು, 6ರಿಂದ 14 ವರ್ಷದ ಮಕ್ಕಳ ವಿದ್ಯಾಭ್ಯಾಸವನ್ನು ಅವರ ಹಕ್ಕನ್ನಾಗಿ ಮಾಡಿದುದಲ್ಲದೆ, ಅದಕ್ಕೆ ಅವಕಾಶ ಕಲ್ಪಿಸುವುದನ್ನು ತಾಯಿತಂದೆಗಳ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಶುಲ್ಕವನ್ನು ಕಟ್ಟಿ, ಬಸ್ಸಿಗೆ ಹತ್ತಿಸಿ, ಮಗಳ ವಿದ್ಯಾಭ್ಯಾಸವನ್ನು ಶಾಲೆಗೆ ಒಪ್ಪಿಸಿದೆವೆಂದು ನಿಶ್ಚಿಂತರಾಗುವ ತಂದೆಗಳು ಈ ಎರಡನ್ನೂ ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮಗನಿಗೆ ಓದುವ ಮೇಜನ್ನೂ ಮಗಳಿಗೆ ಪಾತ್ರೆ ತೊಳೆಯುವ ಹೊತ್ತನ್ನೂ ಹಂಚಿಕೊಡುವ ಮನೆಯಲ್ಲಿ ಯಾವ ಶಾಲೆಯೂ ಈ ಕ್ರಿಯಾಪದವನ್ನು ಪೂರ್ಣಗೊಳಿಸಲಾರದು.

ಕಡೆಯದಾಗಿ ಎರಡು ಸೂಚನೆಗಳನ್ನು ಮಾಡಬಯಸುತ್ತೇನೆ. ಮೊದಲನೆಯದು ಉಪಾಧ್ಯಾಯಿನಿಯರಿಗೂ ತಾಯಿತಂದೆಗಳಿಗೂ. ಯಾವ ಹುಡುಗಿಯ ವಿಷಯದಲ್ಲಿಯೇ ಆಗಲಿ, ಇವಳಲ್ಲಿ ಏನೂ ಇಲ್ಲವೆಂದು ಹೇಳುವ ಮುಂಚೆ ನಾಲ್ಕು ಪ್ರಶ್ನೆಗಳನ್ನು ಕೇಳೋಣ. ಇವಳು ಬೆಳಿಗ್ಗೆ ಏನು ತಿಂದು ಬಂದಿದ್ದಾಳೆ? ರಾತ್ರಿ ಎಷ್ಟು ಹೊತ್ತು ನಿದ್ರೆ ಮಾಡಿದ್ದಾಳೆ? ಇವಳಿಗೆ ಹಲಗೆ ಕಾಣುತ್ತದೆಯೇ, ಹೇಳಿದುದು ಕೇಳಿಸುತ್ತದೆಯೇ? ಮನೆಯಲ್ಲಿ ಇವಳದೆಂದು ಹೇಳಿಕೊಳ್ಳಲು ಒಂದು ಮೂಲೆಯೂ ಒಂದು ಗಂಟೆಯೂ ಉಂಟೇ? ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆ ತೀರ್ಪು ಕೊಡುವ ಅವಶ್ಯಕತೆಯೇ ಬಹುಶಃ ಉಳಿಯಲಾರದು.

ಎರಡನೆಯದು ನಮ್ಮ ಶಾಲೆಗೆ. ಈ ಸಂಚಿಕೆಯಲ್ಲಿ ಎಂದಿನಂತೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದವರ ಪಟ್ಟಿಯೂ ಬಹುಮಾನಿತರ ಪಟ್ಟಿಯೂ ಇರುತ್ತವೆ, ಇರಬೇಕಾದುದೇ. ಅವುಗಳ ಪಕ್ಕದಲ್ಲಿ ಇನ್ನೊಂದು ಪುಟವಿರಲಿ. ವಿದ್ಯಾರ್ಥಿನಿಲಯದಲ್ಲಿ ಬೆಳಗಿನ ಜಾವ ನಾಲ್ಕಕ್ಕೆದ್ದು ಒಲೆ ಹೊತ್ತಿಸಿದವರು, ಜ್ವರ ಬಂದ ಹುಡುಗಿಯರ ಹಣೆಗೆ ಒದ್ದೆಬಟ್ಟೆ ಹಾಕಿ ಕೂತವರು, ಊರಿನಿಂದ ಕಾಗದ ಬಾರದ ದಿನ ನಮ್ಮ ತಲೆ ಬಾಚಿದ ಆಯಾ, ಕತ್ತಲಾದ ಮೇಲೆ ಬಸ್ಸಿಳಿದವರನ್ನು ಲಾಂದ್ರ ಹಿಡಿದು ಕರೆತಂದ ಕಾವಲುಗಾರ, ಇವರೆಲ್ಲರ ಹೆಸರುಗಳು ಆ ಪುಟದಲ್ಲಿ ಅಚ್ಚಾಗಲಿ. ನಾನು ಇಲ್ಲಿ ಓದುತ್ತಿದ್ದಾಗ ಗಣಿತದಲ್ಲಿ ಎರಡು ಬಾರಿ ಸೋತು, ಊಟ ಬಿಟ್ಟು ಅಳುತ್ತ ಕುಳಿತಿದ್ದೆನು. ಅಡಿಗೆಯ ಅಕ್ಕ ನನ್ನ ಲೆಕ್ಕವನ್ನು ಬಿಡಿಸಲಾರದವಳಾಗಿದ್ದಳು. ಬಿಸಿ ಗಂಜಿಯ ಬಟ್ಟಲನ್ನು ತಂದಿಟ್ಟು, ಅದು ಮುಗಿಯುವ ತನಕ ಏಳಲಿಲ್ಲ. ಮೂರನೆಯ ಸಲ ನಾನು ಗೆದ್ದಾಗ ಬಹುಮಾನದ ದಿನ ಗಣಿತದ ಉಪಾಧ್ಯಾಯಿನಿಯವರಿಗೆ ವಂದಿಸಿದೆನು. ಅಡಿಗೆಮನೆಯ ಕಡೆಗೆ ಹೋಗಬೇಕೆಂದು ನನಗೆ ತೋರಲಿಲ್ಲ. ಆಕೆ ಈಗ ಇಲ್ಲ. ವರೋನ ವಿಂಗಡಣೆಯ ಪ್ರಕಾರ ‘ಎಡ್ಯುಕೇಟ್’ ಎಂಬ ಕ್ರಿಯಾಪದಕ್ಕೆ ಆ ದಿನ ಕರ್ತೃವಾಗಿದ್ದವಳು ಆಕೆಯೇ.

ಈ ಸಂಚಿಕೆಯನ್ನು ಓದುವ ಸೋದರಿಯರಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅಜ್ಜಿಯರು, ಹಲವರು ಉಪಾಧ್ಯಾಯಿನಿಯರು ಮತ್ತು ದಾದಿಯರು. ಸಲಹಿಸಿಕೊಂಡವರಾದ ನಮ್ಮ ಕೈಗೆ ಸಲಹುವ ಕೆಲಸವು ಬಂದಿದೆ. ಮುಂದಿನ ವಾರ್ಷಿಕೋತ್ಸವದಲ್ಲಿ ಮಾನ್ಯ ಅತಿಥಿಗಳು ಎದ್ದುನಿಂತು ಎಡ್ಯುಕೇಷನ್ ಎಂದರೆ ಹೊರಗೆ ಸೆಳೆಯುವುದೆಂದು ಹೇಳಿದರೆ, ನಾವು ವಿನಯದಿಂದ ಚಪ್ಪಾಳೆ ತಟ್ಟೋಣ. ಮನೆಗೆ ಬಂದು ಮಗಳ ಪಕ್ಕದಲ್ಲಿ ಕುಳಿತು, ಇವತ್ತು ಏನು ತಿಂದೆಯೆಂದು ಕೇಳೋಣ. ಇಷ್ಟನ್ನು ಅರಿಕೆ ಮಾಡಿಕೊಂಡು, ಈ ಶಾಲೆಯು ಇನ್ನೂ ಅನೇಕ ತಲೆಮಾರುಗಳ ಹೆಣ್ಣುಮಕ್ಕಳನ್ನು ಸಲಹಲೆಂದು ಹಾರೈಸಿ, ಈ ಲೇಖನವನ್ನು ಮುಗಿಸುತ್ತೇನೆ.